ಬಿಸಿಲು ಬಂದ ಮೇಲೆ ಹೊರಡುವ ದಾರಿ

ನಮ್ಮ ಠಾಣಾ ಕುಶನೂರಿನ ಕಡೆ ಮಳೆಗಾಲದಲ್ಲಿ ಹೊಲಕ್ಕೆ ಮೋಟಾರ್ ಸೈಕಲ್ ಒಯ್ದವರಿಗೆ ಎರೆ ಮಣ್ಣಿನ ಗುಣ ಹೇಳಿಕೊಡಬೇಕಾಗಿಲ್ಲ. ಒಂದು ದೊಡ್ಡ ಮಳೆ ಆದರೆ ಸಾಕು, ಕರಿ ಮಣ್ಣು ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ತುಂಬಿಕೊಂಡು, ಚಕ್ರ ತಿರುಗದ ಹಾಗೆ ಹಿಡಿದುಬಿಡುತ್ತದೆ. ಕಟ್ಟಿಗೆಯಿಂದ ಕೆದರಿ ತೆಗೆದು ಹತ್ತು ಮಾರು ಹೋದರೆ ಮತ್ತೆ ಅದೇ ಕತೆ. ಮಣ್ಣು ಮೆತ್ತದಷ್ಟು ನೀರಾಗಿದ್ದರೆ ಇನ್ನೂ ಕಷ್ಟ, ಆಗ ಗಾಡಿ ಜಾರುತ್ತದೆ. ನನ್ನ ಕಾಕಾ ಊರಲ್ಲಿ ಗ್ಯಾರೇಜ್ ಇಟ್ಟಿದ್ದರು. ಸೋಯಾ ರಾಶಿಯ ಹೊತ್ತಿಗೆ ಮಳೆ ಹಿಡಿದರೆ ಅವರ ಮುಂದೆ ಕೆಸರು ಬಳಿದುಕೊಂಡ ಗಾಡಿಗಳು ಸಾಲುಗಟ್ಟುತ್ತಿದ್ದವು. ನನಗೆ ಗಾಡಿ ಕಲಿಸಿದವರು ಅವರೇ. ಅಂಥ ದಿನದಲ್ಲೇ ಬೇಕೆಂದು ಕರೆದುಕೊಂಡು ಹೋಗಿ ಕಲಿಸಿದರು.

“ಮುಂದಿನ ಬ್ರೇಕ್ ಐತಿ ಅನ್ನೂದೇ ಮರ್ತುಬಿಡು ತಮ್ಮಾ. ಎರಡನೇ ಗೇರಿಗಿ ಹಾಕು, ಎಕ್ಸಿಲೇಟರ್ ಒಂದೇ ಸಮ ಹಿಡಿ. ಜಾರಿದ್ರ ಜಾರ್ಲಿ, ಹ್ಯಾಂಡಲ್ ಜೋಡಿ ಜಗಳ ಆಡಬ್ಯಾಡ.”

ಈ ಮಾತು ಎಷ್ಟೋ ವರ್ಷಗಳ ನಂತರ ಹಿಮಾಚಲದ ಕಿನ್ನೌರಿನಲ್ಲಿ, ನಾಕೊ ಊರಿನ ಕೆಳಗಿನ ತಿರುವುಗಳಲ್ಲಿ ನನ್ನ ಕೈಗೆ ಬಂತು. ಬೀದರ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಹೈದರಾಬಾದಿನಲ್ಲಿ ಒಂದಿಷ್ಟು ಕಾಲ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಸೂಪರ್‌ವೈಸರ್ ಆಗಿ ಆ ಕಡೆ ಹೋದೆ. ಕೆಲಸ ರಸ್ತೆಯದು. 1960ರಲ್ಲಿ ಹುಟ್ಟಿದ ಬಾರ್ಡರ್ ರೋಡ್ಸ್ ಸಂಸ್ಥೆ ಗಡಿಯ ರಸ್ತೆಗಳನ್ನು ನೋಡಿಕೊಳ್ಳುವ ಸೀಮೆ ಅದು. ಜಾರ್ಖಂಡದ ದುಮ್ಕಾ ಕಡೆಯ ಕೂಲಿಕಾರರು, ನೇಪಾಳದವರು, ಕೂಲಿ ಗುಂಪು ನಡೆಸುವ ಸ್ಥಳೀಯ ಕಿನ್ನೌರಿ ಮೇಟ್‌ಗಳು, ಅವರ ನಡುವೆ ಬೀದರ್ ಜಿಲ್ಲೆಯ ನಾನೊಬ್ಬ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಊರಲ್ಲಿ ಬೆಳೆದವನು 3,600 ಮೀಟರ್ ಎತ್ತರಕ್ಕೆ ಹೋಗಿ ಚಳಿಗಾಲ ಕಳೆಯಬೇಕಾಯಿತು.

ಕರ್ನಾಟಕದಲ್ಲಿ ಚಳಿ ಅಂದರೆ ಬೀದರ್ ಅನ್ನುತ್ತಾರೆ. ಡಿಸೆಂಬರ್, ಜನವರಿಯಲ್ಲಿ ರಾಜ್ಯದ ಬಯಲು ಸೀಮೆಯಲ್ಲೇ ಕನಿಷ್ಠ ಉಷ್ಣಾಂಶ ನಮ್ಮಲ್ಲಿ ದಾಖಲಾಯಿತು ಎಂಬ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಬೆಳಗಿನ ಜಾವ ಕಂಬಳಿ ಹೊದ್ದು ಬೆಂಕಿ ಕಾಯಿಸುವುದು ನಮಗೆ ಹೊಸದಲ್ಲ. ಆದರೂ ನಮ್ಮ ಚಳಿ ಮೈಗೆ ತಾಕುವ ಚಳಿ. ಅಲ್ಲಿನದು ನೆಲಕ್ಕಿಳಿದು ರಸ್ತೆಯನ್ನೇ ಬೇರೆ ಮಾಡಿಬಿಡುವ ಚಳಿ.

ಆ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಶಿಮ್ಲಾ ಕಡೆಯಿಂದ ರಾಂಪುರ, ರೆಕಾಂಗ್ ಪಿಯೊ, ಪೂಹ್ ದಾಟಿ ಬಂದರೆ ಖಾಬ್ ಎಂಬಲ್ಲಿ ಸಟ್ಲೆಜ್ ನದಿಗೆ ಸ್ಪಿತಿ ನದಿ ಕೂಡುತ್ತದೆ. ಅಲ್ಲಿಂದ ದಾರಿ ಸಟ್ಲೆಜ್ ಬಿಟ್ಟು ಮೇಲಕ್ಕೆ ಏರುತ್ತದೆ. ಕಾ ಎಂಬ ಸಣ್ಣ ಊರಿನ ಹತ್ತಿರ ಒಂದರ ಮೇಲೊಂದು ತಿರುವು, ಡ್ರೈವರ್‌ಗಳು ಕಾ ಜಿಗ್ಸ್ ಅನ್ನುವುದು ಇದನ್ನೇ. ಸಾವಿರ ಮೀಟರಿಗೂ ಹೆಚ್ಚು ಏರಿ ನಾಕೊ ಮುಟ್ಟುತ್ತೀರಿ. ಹಿಮಾಚಲದ ಅತಿ ಎತ್ತರದ ಶಿಖರ, 6,816 ಮೀಟರಿನ ರಿಯೊ ಪುರ್ಗ್ಯಾಲ್, ಆ ಊರಿನ ನೆತ್ತಿಯ ಮೇಲೇ ನಿಂತಿದೆ. ಮುಂದೆ ಕಲ್ಲು ಉರುಳುವ ಮಲ್ಲಿಂಗ್ ನಾಲಾ, ಆಮೇಲೆ ಚಾಂಗೊ, ಸುಮ್ದೊ, ಕ್ರಿ.ಶ. 996ರ ಮಠವಿರುವ ತಾಬೊ, ಕೊನೆಗೆ ಕಾಜಾ. ಮನಾಲಿ ಕಡೆಯಿಂದಲೂ ಕಾಜಾಕ್ಕೆ ದಾರಿ ಉಂಟು. ಅದು 4,551 ಮೀಟರ್ ಎತ್ತರದ ಕುಂಜುಮ್ ಕಣಿವೆ ದಾಟಿ ಬರಬೇಕು, ಚಳಿಗಾಲವಿಡೀ ಮುಚ್ಚಿರುತ್ತದೆ. ಹಾಗಾಗಿ ಹಿಮ ಬಿದ್ದ ತಿಂಗಳುಗಳಲ್ಲಿ ಸ್ಪಿತಿಯ ಜನಕ್ಕೆ ಹಿಟ್ಟು, ಗ್ಯಾಸ್, ಔಷಧಿ ಎಲ್ಲ ಬರುವುದು ನಮ್ಮ ಈ ಒಂದೇ ರಸ್ತೆಯಿಂದ. ಅದನ್ನು ಸಾಹಸದ ಜಾಗ ಎಂದು ನೋಡುವುದು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಬಸುರಿ ಹೆಂಗಸನ್ನು ಪಿಯೊ ಆಸ್ಪತ್ರೆಗೆ ಕರೆದುಕೊಂಡು ಬರುವ ಜೀಪನ್ನು ಹಿಮ ತೆಗೆದು ಮುಂದೆ ಬಿಟ್ಟವರಲ್ಲಿ ನಾನೂ ಒಬ್ಬ.

ಅಲ್ಲಿ ಗಾಡಿ ನನಗೆ ಕೆಲಸದ ಸಾಮಾನು. ಚಳಿಗಾಲದಲ್ಲಿ ಕಾಂಕ್ರೀಟ್ ಕೆಲಸ ನಿಲ್ಲುತ್ತದೆ, ಯಾಕೆಂದರೆ ಅದರೊಳಗಿನ ನೀರೇ ಹೆಪ್ಪುಗಟ್ಟುತ್ತದೆ. ತಂತಿ ಬಲೆಯಲ್ಲಿ ಕಲ್ಲು ತುಂಬಿ ಗೋಡೆ ಕಟ್ಟುವುದು, ಹಿಮ ತೆಗೆಯುವುದು, ಎಲ್ಲಿ ಕುಸಿದಿದೆ ನೋಡಿ ಬರೆದುಕೊಳ್ಳುವುದು, ಇಷ್ಟು ನಡೆಯುತ್ತಿತ್ತು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಲು ಸೈಟಿನಲ್ಲಿ ಹಳೆಯದೊಂದು ಸ್ಪ್ಲೆಂಡರ್ ಇತ್ತು. ಹೋದ ಮೊದಲ ಚಳಿಗಾಲದಲ್ಲಿ ಮೇಟ್ ಅದರ ಚಾವಿಯನ್ನು ನನ್ನ ಕೈಗೆ ಕೊಡಲೇ ಇಲ್ಲ. ವಯಸ್ಸಾದ ಕಿನ್ನೌರಿ ಮನುಷ್ಯ, ಹಸಿರು ಪಟ್ಟಿಯ ಉಣ್ಣೆ ಟೋಪಿ ತಲೆಯಿಂದ ಇಳಿಸಿದ್ದನ್ನು ನಾನು ನೋಡಿಲ್ಲ. “ಬಾಬೂಜಿ, ಮೊದಲು ಬಸ್ಸಿನಲ್ಲಿ ಓಡಾಡಿ. ಕಿಟಕಿ ಪಕ್ಕ ಕೂತುಕೊಳ್ಳಿ. ಯಾವ ತಿರುವಿಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತೆ, ಎಷ್ಟಕ್ಕೆ ಹೋಗುತ್ತೆ, ನನಗೆ ಹೇಳಿ. ಆಮೇಲೆ ಚಾವಿ,” ಅಂದರು. ಹಿಮಾಚಲ ಸಾರಿಗೆಯ ಬಸ್ಸು, ಸೈಟಿನ ಕ್ಯಾಂಪರ್ ಗಾಡಿ, ಯಾರದೋ ಟಿಪ್ಪರ್, ಹೀಗೆ ಹತ್ತಿ ಇಳಿದು ನಾನು ನೋಟ್‌ಬುಕ್ಕಿನಲ್ಲಿ ಬಿಸಿಲಿನ ಲೆಕ್ಕ ಬರೆದುಕೊಂಡೆ. ಡಿಪ್ಲೊಮಾದಲ್ಲಿ ಸರ್ವೆ ಕಲಿತಿದ್ದೆ. ಅಷ್ಟು ಕೆಲಸಕ್ಕೆ ಬಂದ ಸರ್ವೆ ನಾನು ಮತ್ತೆಂದೂ ಮಾಡಿಲ್ಲ.

ಹಿಮದ ಮೇಲೆ ಗಾಡಿ ಹೊಡೆಯುವ ಬಗ್ಗೆ ಕೇಳುವವರೆಲ್ಲ ಮೊದಲು ಕೇಳುವುದು ಟೈರು, ಜಾಕೆಟ್ಟು, ಎಷ್ಟು ಸಿ.ಸಿ. ಎಂಬುದನ್ನು. ನನ್ನನ್ನು ಕೇಳಿದರೆ ಅದು ಗಡಿಯಾರದ ಕೆಲಸ. ಹೊಸದಾಗಿ ಬಿದ್ದ ಒಣ ಹಿಮ ಅಷ್ಟೇನೂ ಜಾರುವುದಿಲ್ಲ, ಟೈರು ಅದರಲ್ಲಿ ಹೂತು ಹಿಡಿತ ಸಿಗುತ್ತದೆ. ಅದರ ಮೇಲೆ ಲಾರಿಗಳು ಓಡಿ ಓಡಿ ಅದುಮಿ ಪಾಲಿಶ್ ಮಾಡಿದ ಮೇಲೆ ಕಷ್ಟ ಶುರು. ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಮಂಜುಗಡ್ಡೆ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಇಳಿಜಾರಿನ ಹಿಮ ಕರಗಿ ನೀರು ರಸ್ತೆಗೆ ಅಡ್ಡ ಹರಿಯುತ್ತದೆ. ಬಿಸಿಲು ಗುಡ್ಡದ ಹಿಂದೆ ಹೋದ ಅರ್ಧ ಗಂಟೆಯಲ್ಲಿ ಅದೇ ನೀರು ಗಾಜಿನಂತೆ ಗಟ್ಟಿಯಾಗಿ ಡಾಂಬರಿನ ಬಣ್ಣದಲ್ಲೇ ಕೂತುಬಿಡುತ್ತದೆ. ದೂರದಿಂದ ನೋಡಿದರೆ ಒದ್ದೆ ರಸ್ತೆ, ಅಷ್ಟೆ. ಹತ್ತೂವರೆಗೆ ಮುಂಚೆ ಹೊರಡಬಾರದು, ಮೂರರ ಮೇಲೆ ದಾರಿಯಲ್ಲಿ ಇರಬಾರದು ಎಂಬ ಮೇಟ್ ಅವರ ಕಟ್ಟಳೆ ಬಂದದ್ದು ಇದರಿಂದ. ಸೊನ್ನೆ ಡಿಗ್ರಿಯ ಹತ್ತಿರ, ಮೇಲೆ ತೆಳ್ಳಗೆ ನೀರಿನ ಪದರ ಇರುವಾಗ, ಮಂಜುಗಡ್ಡೆ ಅತಿ ಹೆಚ್ಚು ಜಾರುತ್ತದೆ. ಮೈನಸ್ 20ರಲ್ಲಿ ಅಷ್ಟು ಜಾರುವುದಿಲ್ಲ. ಕರಗುವ ಹೊತ್ತು, ಹೆಪ್ಪುಗಟ್ಟುವ ಹೊತ್ತು, ಎರಡೂ ಕಡೆಯ ಅಂಚಿನಲ್ಲೇ ಅಪಾಯ ಇರುವುದು.

ಕಾಕಾ ಹೇಳಿದ್ದು ಹಿಮಕ್ಕೂ ಹಾಗೆಯೇ ಸಲ್ಲುತ್ತಿತ್ತು. ಮುಂದಿನ ಬ್ರೇಕ್ ಮುಟ್ಟಬಾರದು, ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೇ ಇಳಿಯಬೇಕು, ಹಿಂದಿನ ಬ್ರೇಕನ್ನು ಬೆರಳ ತುದಿಯಿಂದ ಮುಟ್ಟಿದಷ್ಟು ಹಗುರವಾಗಿ ಕಾಲಲ್ಲಿ ಮುಟ್ಟಬೇಕು. ಲಾರಿ ಚಕ್ರದ ಗೆರೆ ಬಿಟ್ಟು ಪಕ್ಕದ ಪುಡಿ ಹಿಮದ ಮೇಲೆ ಹೋಗಬೇಕು. ಡೋಜರ್ ಈಗಷ್ಟೇ ಕೆರೆದು ಹೋದ ದಾರಿ ಚೊಕ್ಕಟವಾಗಿ ಕಾಣುತ್ತದೆ, ಅದನ್ನು ನಂಬಬಾರದು. ಅದು ಬಿಟ್ಟುಹೋಗುವ ತೆಳು ಪದರವೇ ರಾತ್ರಿ ಗಡ್ಡೆಯಾಗುವುದು. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಂಡರೆ ನೆಲ ಹಿಡಿಯುವ ಪಟ್ಟಿ ಅಗಲವಾಗುತ್ತದೆ. ಸ್ಪೋಕ್ ಚಕ್ರ, ಡ್ರಮ್ ಬ್ರೇಕ್ ಇದ್ದರೆ ಹಿಂದಿನ ಟೈರಿಗೆ ಹಗ್ಗವನ್ನೋ ಸಣ್ಣ ಸರಪಳಿಯನ್ನೋ ನಡುನಡುವೆ ಸುತ್ತಿ ಕಟ್ಟಬಹುದು, ಗಟ್ಟಿ ಏರಿನಲ್ಲಿ ಅದು ಹಲ್ಲಿನಂತೆ ಕಚ್ಚುತ್ತದೆ. ಗಾಡಿ ಹಗುರವಿದ್ದಷ್ಟೂ ಒಳ್ಳೆಯದು. 110 ಕೆ.ಜಿ. ಆಸುಪಾಸಿನ ಸ್ಪ್ಲೆಂಡರ್ ಜಾರಿದರೆ ಎರಡು ಕಾಲು ಊರಿ ನಿಲ್ಲಿಸಬಹುದು. ಅದರ ಮೇಲೆ ಎಂಬತ್ತು ಕೆ.ಜಿ. ಹೆಚ್ಚಿರುವ ಬುಲೆಟ್ಟಿಗೆ ಸಾಮಾನು ಹೇರಿಕೊಂಡು ಬಂದರೆ ಕಾಲು ಊರುವುದೇ ಕಾಲು ಮುರಿದುಕೊಳ್ಳುವ ದಾರಿ. ಇದನ್ನು ಬುಲೆಟ್ ಪ್ರೀತಿಸುವವರು ಒಪ್ಪುವುದಿಲ್ಲ, ಒಪ್ಪಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಗ್ಯಾರೇಜಿನಲ್ಲಿ ಬೆಳೆದಿದ್ದು ಇನ್ನೊಂದು ವಿಷಯದಲ್ಲಿ ಕೈ ಹಿಡಿಯಿತು. ಅಲ್ಲಿ ಗಾಡಿಯನ್ನು ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕು. ನಾಲಾ ದಾಟಿ ಬಂದ ಗಾಡಿಯ ಬ್ರೇಕ್ ಡ್ರಮ್ಮಿನಲ್ಲಿ ನೀರು ಉಳಿದಿರುತ್ತದೆ. ಹಾಗೇ ನಿಲ್ಲಿಸಿದರೆ ಬೆಳಿಗ್ಗೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿ ಚಕ್ರ ಅಲ್ಲಾಡುವುದಿಲ್ಲ. ನಿಲ್ಲಿಸುವ ಮುಂಚೆ ಸಮತಟ್ಟು ಜಾಗದಲ್ಲಿ ಬ್ರೇಕನ್ನು ಸ್ವಲ್ಪ ಹಿಡಿದುಕೊಂಡೇ ಹತ್ತಿಪ್ಪತ್ತು ಮಾರು ಓಡಿಸಿದರೆ ಬಿಸಿಗೆ ನೀರು ಆರುತ್ತದೆ. ಕ್ಲಚ್ ಕೇಬಲ್, ಎಕ್ಸಿಲೇಟರ್ ಕೇಬಲ್‌ಗಳ ಒಳಗೆ ಒಂದು ಹನಿ ನೀರಿದ್ದರೂ ರಾತ್ರಿಗೆ ಗಡ್ಡೆಯಾಗಿ ಸೆಟೆದುಕೊಳ್ಳುತ್ತವೆ. ಎಕ್ಸಿಲೇಟರ್ ತಿರುಗಿಸಿದ ಜಾಗದಲ್ಲೇ ಸಿಕ್ಕಿಹಾಕಿಕೊಂಡ ಗಾಡಿ ತಿರುವಿನಲ್ಲಿ ಏನು ಮಾಡುತ್ತದೆ ಎಂದು ವಿವರಿಸಬೇಕಿಲ್ಲ. ಚಳಿ ಶುರುವಾಗುವ ಮೊದಲೇ ಕೇಬಲ್ ಬಿಚ್ಚಿ, ಕೊನೆಗೊಂದು ಪೇಪರಿನ ಆಲಿಕೆ ಕಟ್ಟಿ, ತೆಳ್ಳನೆಯ ಎಣ್ಣೆ ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುವ ತನಕ ಬಿಡುತ್ತಿದ್ದೆ. ದಪ್ಪ ಆಯಿಲ್ ಚಳಿಗೆ ಬೆಲ್ಲದ ಪಾಕವಾಗುತ್ತದೆ, ತೆಳು ಗ್ರೇಡಿನದೇ ಹಾಕಬೇಕು. ಬೆಳಿಗ್ಗೆ ಚಾವಿ ಹಾಕುವ ಮುಂಚೆ ಕಿಕ್ಕನ್ನು ನಿಧಾನ ನಾಲ್ಕೈದು ಸಲ ಒತ್ತಿ ಎಂಜಿನ್ ಸಡಿಲ ಮಾಡಿಕೊಳ್ಳಬೇಕು. ಬ್ಯಾಟರಿ ಆ ಚಳಿಯಲ್ಲಿ ಅರ್ಧ ಸತ್ತಿರುತ್ತದೆ, ಕಿಕ್ ಇಲ್ಲದ ಗಾಡಿಯನ್ನು ನಾನಂತೂ ಅಲ್ಲಿಗೆ ಒಯ್ಯುವುದಿಲ್ಲ. ಇನ್ನು ನಾಕೊ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಪಾಲು ಮಾತ್ರ. ಎಂಜಿನ್ನಿಗೂ ಉಸಿರು ಕಟ್ಟುತ್ತದೆ, ಮೇಲೆ ಕೂತವನಿಗೂ. ಪಿಯೊದಲ್ಲಿ ಎರಡು ರಾತ್ರಿಯಾದರೂ ಉಳಿದು ಮೈ ಒಗ್ಗಿಸಿಕೊಳ್ಳದೆ ಮೇಲೆ ಹೋದವರಿಗೆ ತಲೆನೋವು, ವಾಂತಿ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೈಯ ಬಗ್ಗೆ ಒಂದೇ ಲೆಕ್ಕ ಹೇಳುತ್ತೇನೆ. ಹೊರಗೆ ಮೈನಸ್ 10 ಇದ್ದಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಅದು ಸುಮಾರು ಮೈನಸ್ 21ರ ಚಳಿ. ಬೆರಳು ಉರಿಯುವ ತನಕ ಭಯವಿಲ್ಲ, ಉರಿ ನಿಂತು ಬೆಳ್ಳಗಾದರೆ ಗಾಡಿ ನಿಲ್ಲಿಸಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಸೈಲೆನ್ಸರ್ ಮುಟ್ಟಿ ಬಿಸಿ ಮಾಡಿಕೊಳ್ಳಲು ಹೋದ ಕೂಲಿ ಹುಡುಗನ ಅಂಗೈ ಸುಟ್ಟಿತು, ಸುಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಹಿಮದಿಂದ ಉಜ್ಜಬೇಕು ಎಂದು ಯಾರೋ ಹೇಳುತ್ತಾರೆ, ಅದು ಶುದ್ಧ ತಪ್ಪು, ಚರ್ಮ ಕಿತ್ತುಬರುತ್ತದೆ.

ಆ ರಸ್ತೆಯಲ್ಲಿ ಪಂಜಾಬಿ ಲಾರಿ ಡ್ರೈವರ್‌ಗಳು ಬಹಳ. ನನ್ನ ಊರು ಕೇಳಿ ಬೀದರ್ ಅಂದರೆ ಅವರ ಮುಖವೇ ಬದಲಾಗುತ್ತಿತ್ತು. ಬೀದರಿನ ಗುರುನಾನಕ್ ಝೀರಾ ಗುರುದ್ವಾರ ಅವರಿಗೆ ಗೊತ್ತು. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ಮುಂದೆ ಬಂದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಎಂಬುದೂ ಗೊತ್ತು. ಚಹಾದ ದುಡ್ಡು ಕೊಡಲು ಬಿಡುತ್ತಿರಲಿಲ್ಲ. ಮುಂದಿನ ಹತ್ತು ತಿರುವುಗಳಲ್ಲಿ ಎಲ್ಲಿ ಗಡ್ಡೆ ಇದೆ, ಎಲ್ಲಿ ಮಣ್ಣು ಹಾಕಿದ್ದಾರೆ ಎಂಬ ತಾಜಾ ಸುದ್ದಿ ಅವರಿಂದಲೇ ಸಿಗುತ್ತಿತ್ತು. ಆ ಸುದ್ದಿಗೆ ಬೆಲೆ ಕಟ್ಟಲಾಗದು. ದಾರಿಯಲ್ಲಿ ಎದುರಾದ ಪ್ರತಿ ಡ್ರೈವರನ್ನೂ ನಿಲ್ಲಿಸಿ ಕೇಳುವ ಅಭ್ಯಾಸ ನನಗೆ ಬಿದ್ದದ್ದು ಹೀಗೆ.

2016ರ ಫೆಬ್ರುವರಿ ನನಗೆ ಮರೆಯುವುದಿಲ್ಲ. 3ನೇ ತಾರೀಖು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಅದರಡಿ ಸಿಕ್ಕರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನದ ಮೇಲೆ ಜೀವಂತ ಹೊರತೆಗೆದರು ಎಂದು ಸುದ್ದಿ ಬಂದಾಗ ನಮ್ಮ ತಗಡಿನ ಶೆಡ್ಡಿನಲ್ಲಿ ದುಮ್ಕಾದ ಹುಡುಗರು, ನೇಪಾಳಿಗಳು ಎಲ್ಲ ಬುಖಾರಿ ಎಂಬ ಕಟ್ಟಿಗೆ ಒಲೆಯ ಸುತ್ತ ಕೂತು ಫೋನಿಗೆ ಕಿವಿ ಇಟ್ಟಿದ್ದರು. “ನಿಮ್ಮ ಕಡೆಯವರಲ್ಲವಾ ಬಾಬೂಜಿ?” ಎಂದು ಮೇಟ್ ಕೇಳಿದರು. ಹೌದು ಅಂದೆ. 11ನೇ ತಾರೀಖು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವತ್ತು ಸಂಜೆ ಅವ್ವ ಊರಿಂದ ಫೋನ್ ಮಾಡಿ, “ರೊಕ್ಕ ಎಷ್ಟರ ಕೊಡ್ಲಿ, ಆ ಕೆಲ್ಸ ಬ್ಯಾಡಪ್ಪ, ಊರಿಗಿ ಬಂದುಬಿಡು,” ಎಂದು ಅತ್ತಳು. ನಾನಿರುವುದು ಸಿಯಾಚಿನ್ ಅಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ಹಿಮ ಅಂದರೆ ಒಂದೇ. ಅವಳ ಮಾತಿನಲ್ಲಿ ಸತ್ಯವೂ ಇತ್ತು. ದೊಡ್ಡ ಹಿಮ ಬಿದ್ದ ಮೇಲೆ ಒಂದೆರಡು ದಿನ ಇಳಿಜಾರುಗಳು ನಂಬಿಕೆಗೆ ಅರ್ಹವಲ್ಲ, ಬಿಸಿಲು ತಾಗಿದೊಡನೆ ಮೇಲಿನ ಹಿಮ ಕಳಚಿಕೊಂಡು ನಾಲಾ ಹಿಡಿದು ಇಳಿಯುತ್ತದೆ. ಆ ದಿನಗಳಲ್ಲಿ ನಾವು ಯಾರೂ ಗಾಡಿ ತೆಗೆಯುತ್ತಿರಲಿಲ್ಲ. ಅನಿವಾರ್ಯವಾದರೆ ನಾಲಾ ಬಾಯಿಯನ್ನು ಒಬ್ಬೊಬ್ಬರಾಗಿ, ನಡುವೆ ನಿಲ್ಲದೆ ದಾಟುತ್ತಿದ್ದೆವು. ಒಬ್ಬ ದಾಟುವಾಗ ಉಳಿದವರು ಮೇಲೆ ನೋಡುತ್ತಾ ನಿಲ್ಲಬೇಕು.

ಮುಂದಿನ ಒಂದು ಜನವರಿಯಲ್ಲಿ ಕಾ ತಿರುವುಗಳ ಕೆಳಗಿನ ನಮ್ಮ ಶೆಡ್ಡಿನ ಮುಂದೆ ಸಂಜೆ ನಾಲ್ಕರ ಸುಮಾರಿಗೆ ನಾಲ್ಕು ದೊಡ್ಡ ಗಾಡಿಗಳು ಬಂದು ನಿಂತವು. ನಂಬರ್ ಪ್ಲೇಟಿನಲ್ಲಿ ಕೆಎ ಅಂತ ಕಂಡದ್ದೇ ನಾನು ಕನ್ನಡದಲ್ಲಿ ಮಾತಾಡಿಸಿದೆ.

“ಸರ್, ನೀವು ಕನ್ನಡದವರಾ? ಇಲ್ಲಿ?”

“ಬೀದರ್ ಜಿಲ್ಲಾರೀ. ಠಾಣಾ ಕುಶನೂರ.”

ಬೆಂಗಳೂರಿನ ಹುಡುಗರು. ಒಳ್ಳೆಯ ಮಕ್ಕಳು, ಒಳ್ಳೆಯ ಬಟ್ಟೆ, ಹೆಲ್ಮೆಟ್ಟು, ಮಂಡಿಗೆ ಗಾರ್ಡು, ಯಾವುದಕ್ಕೂ ಕಡಿಮೆ ಇರಲಿಲ್ಲ. ನಾಕೊದಲ್ಲಿ ರೂಮು ಗೊತ್ತು ಮಾಡಿದ್ದರು. “ಇನ್ನೊಂದು ಗಂಟೆ ಸರ್, ಮುಟ್ಟಿಬಿಡ್ತೀವಿ,” ಅಂದರು. ಮುಟ್ಟಲಾರಿರಿ ಅನ್ನಲು ಮನಸ್ಸಾಗಲಿಲ್ಲ. ಅವರಲ್ಲಿ ಮುಂದಾಳಾಗಿ ಕಂಡ ಹುಡುಗನಿಗೆ, “ಬರ್ರಿ, ಒಂದೀಟು ನಡಕೋತ ಹೋಗಿ ಬರೋಣ,” ಅಂದೆ. ಮೊದಲನೇ ತಿರುವಿಗೆ ಕರೆದುಕೊಂಡು ಹೋದೆ. ಬಿಸಿಲು ಹೋಗಿ ಸ್ವಲ್ಪ ಹೊತ್ತಾಗಿತ್ತು. ಮೇಲಿನಿಂದ ಇಳಿದ ನೀರು ರಸ್ತೆಗೆ ಅಡ್ಡ ಇನ್ನೂ ಸಣ್ಣಗೆ ಹರಿಯುತ್ತಿತ್ತು, ನಡುವೆ ನೀರು, ಎರಡೂ ಅಂಚಿನಲ್ಲಿ ಏನೂ ಇಲ್ಲದ ಕಪ್ಪು ಡಾಂಬರು. “ಆ ಒಣ ಜಾಗ ಮುಟ್ಟಿ ನೋಡ್ರಿ,” ಅಂದೆ. ಹುಡುಗ ಕುಕ್ಕರಗಾಲಲ್ಲಿ ಕೂತು ಗ್ಲೌಸ್ ತೆಗೆದು ಬೆರಳಿಟ್ಟ. ಬೆರಳು ಜಾರಿತು. ಒಣ ಡಾಂಬರು ಅಂತ ಕಂಡದ್ದು ಒಂದು ಬೆರಳು ದಪ್ಪದ ಗಡ್ಡೆ. ನಾವು ನೋಡುತ್ತಿರುವಂತೆಯೇ ಹರಿಯುವ ನೀರಿನ ಅಂಚಿನಲ್ಲಿ ಸಣ್ಣ ಸೂಜಿಗಳಂಥ ಗೆರೆಗಳು ಮೂಡಿ ಒಂದಕ್ಕೊಂದು ಕೂಡಿಕೊಂಡವು. ಅವನು ತಿರುವಿನ ಆಚೆ ಕೆಳಗೆ ಕಾಣುತ್ತಿದ್ದ ಸ್ಪಿತಿ ನದಿಯ ಕಡೆ ನೋಡಿ, “ಇಂಥವು ಮೇಲೆ ಎಷ್ಟಿವೆ ಸರ್?” ಅಂತ ಕೇಳಿದ. “ಪ್ರತಿ ತಿರುವಿಗೂ,” ಅಂದೆ.

ಆ ರಾತ್ರಿ ನಮ್ಮ ಶೆಡ್ಡಿನಲ್ಲೇ ಮಲಗಿದರು. ಬುಖಾರಿ ಉರಿಯುವಾಗ ಕಿಟಕಿಯಲ್ಲಿ ಒಂದು ಸಂದು ಬಿಟ್ಟಿರಬೇಕು, ಇಲ್ಲದಿದ್ದರೆ ಅದರ ಹೊಗೆಯ ವಿಷಕ್ಕೆ ನಿದ್ದೆಯಲ್ಲೇ ಜೀವ ಹೋಗುತ್ತದೆ ಎಂದು ಹೇಳಿ ನಾನೇ ಸಂದು ತೆಗೆದಿಟ್ಟೆ. ಅವ್ವ ಕಳಿಸಿದ್ದ ಶೇಂಗಾ ಹಿಂಡಿ ಉಳಿದಿತ್ತು, ಅನ್ನ ದಾಲ್ ಜೊತೆ ತಿಂದೆವು. ಬೆಳಿಗ್ಗೆ ಅವರ ಎರಡು ಗಾಡಿಗಳ ಕೇಬಲ್ ಸೆಟೆದಿದ್ದವು. ಬಿಸಿನೀರು ಸುರಿಯಲು ಹೊರಟವರನ್ನು ತಡೆದೆ. ಸುರಿದ ನೀರೇ ಮತ್ತೆ ಗಡ್ಡೆಯಾಗುತ್ತದೆ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೆ ತಾನಾಗಿ ಬಿಡುತ್ತದೆ. ಹನ್ನೊಂದು ದಾಟಿದ ಮೇಲೆ ಮೇಟ್ ಹೂಂ ಅಂದರು. ಸಾಮಾನೆಲ್ಲ ಕ್ಯಾಂಪರಿಗೆ ಹಾಕಿಸಿ ಗಾಡಿ ಹಗುರ ಮಾಡಿದೆವು. ಬುಖಾರಿಯ ಬೂದಿ ಚೀಲಗಟ್ಟಲೆ ಕೂಡಿಟ್ಟಿರುತ್ತಿದ್ದೆವು. ನೆರಳು ಬಿಡದ ಎರಡು ತಿರುವುಗಳಲ್ಲಿ ಹುಡುಗರು ಅದನ್ನು ಬಿತ್ತಿದ ಹಾಗೆ ಎರಚಿದರು, ಆ ಎರಡರಲ್ಲಿ ಒಬ್ಬೊಬ್ಬರ ಗಾಡಿಯನ್ನು ಇಬ್ಬರು ಎರಡು ಪಕ್ಕ ಹಿಡಿದು ದಾಟಿಸಿದೆವು. ಒಂದೂವರೆಗೆ ನಾಕೊ ಮುಟ್ಟಿದ ಫೋನು ಬಂತು.

2020ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕೆಳಗೆ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆಯಿಂದ ಲಾಹೌಲಿಗೆ ಚಳಿಗಾಲದಲ್ಲೂ ಹೋಗಬಹುದಾಗಿದೆ. ಅಲ್ಲಿಯ ಜನಕ್ಕೆ ಅದು ದೊಡ್ಡ ಉಪಕಾರ, ಹಿಂದೆ ಅವರು ತಿಂಗಳುಗಟ್ಟಲೆ ಲೋಕದಿಂದ ಕಡಿದುಹೋಗುತ್ತಿದ್ದರು. ಅದರ ಜೊತೆಗೆ ಬಯಲು ಸೀಮೆಯ ಹುಡುಗರಿಗೆ ಹಿಮ ಬಹಳ ಹತ್ತಿರ ಬಂದಿದೆ. ಸುರಂಗದ ಬೆಚ್ಚಗಿನ ಒಣ ರಸ್ತೆಯಿಂದ ಒಮ್ಮೆಲೇ ಹೊರಗೆ ಬಂದರೆ ನೆರಳು, ನೀರು, ಗಡ್ಡೆ. ಅದು ನನಗೆ ಚಿಂತೆಯ ಜಾಗ.

ನಾನೀಗ ಊರಿಗೆ ಮರಳಿದ್ದೇನೆ. ಕಾಕಾ ಗ್ಯಾರೇಜ್ ಮಗನಿಗೆ ಬಿಟ್ಟಿದ್ದಾರೆ. ಈಚೆಗೆ ಭಾಲ್ಕಿಯಲ್ಲಿ ಓದುವ ಅಣ್ಣನ ಮಗ ಗೆಳೆಯರ ಜೊತೆ ಬಂದು, ಜನವರಿಗೆ ಸ್ಪಿತಿಗೆ ಹೊಂಟೀವಿ, ಯಾವ ಟೈರ್ ಹಾಕಿಸಬೇಕು ಕಾಕಾ, ಅಂತ ಕೇಳಿದ. ಕೇಬಲ್ಲಿಗೆ ಎಣ್ಣೆ ಇಲ್ಲೇ ಬಿಡಿಸಿಕೊಂಡು ಹೋಗಿ, ಟೈರಿನ ಮಾತು ಆಮೇಲೆ, ಅಂದೆ. ಮೊದಲು ಗಾಡಿಗಳನ್ನು ರೆಕಾಂಗ್ ಪಿಯೊದಲ್ಲಿ ಬಿಟ್ಟು, ಬಸ್ಸು ಹತ್ತಿ ಕಾಜಾಕ್ಕೆ ಹೋಗಿ ಬರಬೇಕು, ಕೈಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು. ಪ್ರತಿ ತಿರುವಿಗೆ ಬಿಸಿಲು ಬರುವ ಹೊತ್ತು, ಹೋಗುವ ಹೊತ್ತು ಬರೆದುಕೊಳ್ಳಬೇಕು. ಬಂದ ಮೇಲೆ ನನಗೆ ಫೋನ್ ಮಾಡಬೇಕು.

“ಅಷ್ಟು ದೂರ ಹೋಗಿ ಬಸ್ಸಿನ್ಯಾಗ ತಿರಗೂದೇನ್ ಕಾಕಾ?” ಅಂದ ಒಬ್ಬ ಗೆಳೆಯ.

ಅಣ್ಣನ ಮಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಸ್ಸು ಪಿಯೊದಿಂದ ಎಷ್ಟು ಗಂಟೆಗೆ ಬಿಡುತ್ತದೆ, ಎಡಗಡೆ ಕಿಟಕಿಯೋ ಬಲಗಡೆಯೋ ಎಂದು ಕೇಳಿದ. ಹೋಗುವಾಗ ಒಂದು ಪಕ್ಕ, ಬರುವಾಗ ಇನ್ನೊಂದು ಪಕ್ಕ ಕೂಡು ಅಂದೆ.